ಮಕ್ಕಯ್ಯನ ಊರು

"ಬಿರ್‍ರನೆ ಕಾಲಾಕ್ಲಾ ಕಾಳಾ. ರೈಲೇನು ನಿಮ್ಮ ಮಾವನ ಮನೆ ಗಾಡಿಯಾ, ನೀನು ಬರೋಗಂಟ ಕಾಯ್ಕಂಡು ನಿಂತಿರಕೆ?"

ಕೃಷ್ಣಮ್ಮ ಹಿಂತಿರುಗಿ ನೋಡದೆಯೇ ಇಷ್ಟು ಹೇಳಿ ಇನ್ನೂ ಜೋರಾಗಿ ಹೆಜ್ಜೆ ಹಾಕಿದಳು. ಬೈರಾಪಟ್ಟಣ ಬಿಟ್ಟಾಗಿನಿಂದ ಅವಳೇ ಮುಂದೆ. ಅರವತ್ತು ದಾಟಿದ ಹೆಂಗಸು, ಆದರೆ ಹುಟ್ಟಿದಂದಿನಿಂದ ಕುರಿಯ ಹಿಂದೆ ಅಲೆದ ಕಾಲು. ಅವಳ ಗಂಟನ್ನು ಹೊತ್ತು ಹತ್ತು ಮಾರು ಹಿಂದೆ ಬರುತ್ತಿದ್ದ ಕಾಳಯ್ಯನಿಗೆ ಇನ್ನೂ ಮೂವತ್ತೈದಾಗಿರಲಿಲ್ಲ. ಏದುಸಿರು ಬರುತ್ತಿದ್ದದ್ದು ಅವನಿಗೆ. ಗಂಟೇನೂ ಭಾರವಿರಲಿಲ್ಲ. ಒಂದು ಹೊಸ ಕಂಬಳಿ, ಒಂದು ಸೀರೆ, ದಾರಿಗೆಂದು ಕಟ್ಟಿಕೊಂಡ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಆದರೂ ಅವನು ಅದನ್ನು ಎಡ ಹೆಗಲಿಂದ ಬಲಕ್ಕೆ, ಬಲದಿಂದ ತಲೆಗೆ, ತಲೆಯಿಂದ ಮತ್ತೆ ಎಡಕ್ಕೆ ಬದಲಾಯಿಸುತ್ತಲೇ ಇದ್ದ.

ಕೆರೆ ಏರಿಯ ಮೇಲೆ ಹೇಳಿಬಿಡುತ್ತೇನೆ ಎಂದುಕೊಂಡಿದ್ದ. ಏರಿ ಮುಗಿಯಿತು. ಹಿಪ್ಪುನೇರಳೆ ತೋಟದ ಹತ್ತಿರ ಎಂದುಕೊಂಡ. ಅಲ್ಲಿ ಯಾರೋ ಸೊಪ್ಪು ಕೊಯ್ಯುತ್ತಿದ್ದರು, ಕೇಳಿಸಿಕೊಂಡಾರು ಅನ್ನಿಸಿತು. ಮೈಲಿಗಲ್ಲಿನ ಹತ್ತಿರ ಕೃಷ್ಣಮ್ಮನೇ ನಿಂತಳು, ಕಾಲಿಗೆ ಚುಚ್ಚಿದ ಮುಳ್ಳು ಕೀಳಲು. ಕಾಳಯ್ಯ ಬಾಯಿ ತೆರೆದ.

"ದೊಡ್ಡವ್ವಾ."

"ಏನ್ಲಾ?"

ಅವಳು ಮುಖವೆತ್ತಿದಳು. ಹಸೆಗೆ ಹೊರಟ ಮಗಳನ್ನು ನೋಡಲು ಹೋಗುವವಳ ಸಡಗರವಿತ್ತು ಆ ಮುಖದಲ್ಲಿ. ಕಾಳಯ್ಯ ಗಂಟನ್ನು ಮತ್ತೊಂದು ಹೆಗಲಿಗೆ ಬದಲಾಯಿಸಿದ.

"ನೀರು ಬೇಕಿತ್ತಾ ಅಂತ."

"ನಂಗ್ಯಾಕ್ಲಾ ನೀರು. ನಿಂಗೆ ಬೇಕೇನೋ, ಮಕ ನೋಡು, ಸುಟ್ಟ ಬದನೇಕಾಯಿ ಆದಂಗಾಗದೆ." ಮುಳ್ಳು ಕಿತ್ತು ಬಿಸಾಕಿ ಅವಳು ಮತ್ತೆ ಹೊರಟಳು.

ಎರಡು ವರ್ಷದ ಹಿಂದೆ, ಮಹಾರಾಜರ ಕುದುರೆ ದಂಡು ಜರ್ಮನ್ ಯುದ್ಧ ಮುಗಿಸಿ ವಾಪಸು ಬಂದಾಗ, ಕಾಳಯ್ಯ ಊರಿಗೆ ಬಂದಿದ್ದ. ಅವನೂ ಕೃಷ್ಣಮ್ಮನ ಒಬ್ಬನೇ ಮಗ ಬಸವಯ್ಯನೂ ಒಟ್ಟಿಗೆ ಹೋಗಿದ್ದವರು. ಸವಾರರಾಗಿ ಅಲ್ಲ, ಸವಾರರ ಕುದುರೆಗಳಿಗೆ ಹುಲ್ಲು ನೀರು ನೋಡಿಕೊಳ್ಳುವ ಚಾಕರಿಗೆ. ಬಂದದ್ದು ಒಬ್ಬನೇ. ಬಸವಯ್ಯ ತೀರಿಕೊಂಡ ಕಾಗದ ಅದಕ್ಕೂ ನಾಲ್ಕು ವರ್ಷ ಮೊದಲೇ ಊರು ಮುಟ್ಟಿತ್ತು. ಮಿಸರ್ ದೇಶ, ರಕ್ತಭೇದಿ ಎಂದು ಶಾನುಭೋಗರು ಚಾವಡಿಯಲ್ಲಿ ಓದಿ ಹೇಳಿದ್ದರು. ಅತ್ತದ್ದು, ತಿಥಿ ಮಾಡಿದ್ದು ಎಲ್ಲ ಮುಗಿದಿತ್ತು. ಕಾಳಯ್ಯ ಎದುರು ಬಂದು ನಿಂತಾಗ ಕೃಷ್ಣಮ್ಮ ಕೇಳಿದ್ದು ಒಂದೇ ಮಾತು.

"ಪ್ರಾಣ ಓಗೋವಾಗ ಅವನ ತಾವ ಯಾರಿದ್ರಪ್ಪಾ?"

"ಕನ್ನಡದೋರಿದ್ರು ದೊಡ್ಡವ್ವಾ."

ಅಷ್ಟಕ್ಕೇ ಅವಳ ಮೈಯಿಂದ ಏನೋ ಇಳಿದುಹೋದದ್ದನ್ನು ಅವನು ಕಂಡಿದ್ದ. ಗೋಡೆಗೆ ಒರಗಿ ಕೂತು, "ಸದ್ಯ, ನೀರು ಕೇಳುದ್ರೆ ತಿಳಿಯೋರಿದ್ರಲ್ಲ" ಎಂದಿದ್ದಳು. ಆಮೇಲೆ ಮಾತಿಗೆ ಮಾತು ಬೆಳೆಯಿತು. ಕುರಿ ಹಟ್ಟಿಯಲ್ಲಿ ಸಿಕ್ಕಿದಾಗೊಮ್ಮೆ, "ಯಾವ ಕಡೇರ್‍ಲಾ ಅವರು?" "ಮ್ಯಾಗಡೇರು. ಹುಬ್ಬಳ್ಳಿ ಕಡೇರು." ಇನ್ನೊಂದು ದಿನ ತುಪ್ಪಟ ಹಿಂಜುತ್ತಾ, "ಎಸ್ರಿರಬೇಕಲ್ಲ?" "ಮಕ್ಕಯ್ಯ." ಹೆಸರು ಸಿಕ್ಕಿದ ದಿನವೇ ಅವಳು ನೂಲಲು ಕೂತಳು. ಕರಿ ಕುರಿಯ ಎಳೆ ತುಪ್ಪಟವನ್ನೇ ಆರಿಸಿದಳು. ಮಗನಿಗೆ ಕೊನೆಗೆ ನೀರು ಬಿಟ್ಟವನಿಗೆ ತನ್ನ ಕೈಯಿಂದ ಒಂದು ಕಂಬಳಿ ಹೊದಿಸಬೇಕು, ಅವನ ಬಾಯಿಂದಲೇ ಎಲ್ಲ ಕೇಳಬೇಕು. ಕಾಳಯ್ಯ ಅವಳ ಮನೆಯ ಮುಂದೆ ಹಾಯುವುದನ್ನೇ ಬಿಟ್ಟ. ಅವನ ಹೆಂಡತಿ ದಾಸಮ್ಮ, "ನಿಮ್ ಕಾಲಿಗೇನು ಕೆಂಡ ಕಟ್ಟವ್ರಾ, ಒಂದು ಗಳಿಗೆ ಕುಂತಿದ್ದಾವ ಕುಂತ್ಕಳಾಕಿಲ್ಲ" ಎಂದು ರೇಗುವಳು. ಕಂಬಳಿ ಮುಗಿಯಲಾರದು ಎಂದು ಅವನು ನಂಬಿದ್ದ. ಕಂಬಳಿ ಮುಗಿಯಿತು.

ಸುಳ್ಳು ಹೇಳಿದೆ ಎನ್ನಲೂ ಅವನಿಗೆ ಬಾಯಿ ಬರುತ್ತಿರಲಿಲ್ಲ. ಆ ಮಾತನ್ನು ಮೊದಲು ನಂಬಿದವನು ಅವನೇ.

ಮಿಸರ್ ದೇಶದಲ್ಲಿ, ಪಿರಮಿಡ್ಡುಗಳ ಹತ್ತಿರದ ದೊಡ್ಡ ಪಟ್ಟಣದ ಹೊರಗೆ, ಮರಳಿನ ಮೇಲೆ ಸಾಲುಸಾಲಾಗಿ ಡೇರೆ ಹೊಡೆದ ಆಸ್ಪತ್ರೆ. ತಮ್ಮವರ ಆಸ್ಪತ್ರೆ ತುಂಬಿಹೋಗಿದೆ, ಅಲ್ಲಿಗೆ ಒಯ್ಯಿರಿ ಎಂದು ಜಮಾದಾರ ಕಳಿಸಿದ್ದ. ಬಸವಯ್ಯ ಡೋಲಿಯ ಮೇಲೆ ಮುದುಡಿಕೊಂಡಿದ್ದ. "ಬ್ಯಾರೇರ ಮಧ್ಯ ಬುಟ್ಟೋಗಬ್ಯಾಡ ಕಣ್ಲಾ" ಎಂದು ದಾರಿಯುದ್ದಕ್ಕೂ ಒಂದೇ ಹಾಡು. ಬಾಗಿಲಲ್ಲಿ ಕೆಂಚುಗೂದಲಿನ ಬಿಳಿಯನೊಬ್ಬ ಅಡ್ಡ ಬಂದ. ಟೋಪಿಯ ಮೇಲಿನ ಎಲೆಯಂಥ ಬಿಲ್ಲೆ ತೋರಿಸಿ, ಡೇರೆಗಳ ಕಡೆ ಕೈಮಾಡಿ, ಎದೆ ತಟ್ಟಿಕೊಂಡು ಏನೋ ಹೇಳಿದ. ಕಾಳಯ್ಯನ ಕಿವಿಗೆ ಬಿದ್ದದ್ದು ಒಂದೇ: ಕನಡ.

"ಕನ್ನಡಾ? ನಾವೂ ಕನ್ನಡ!" ಎಂದು ಕಾಳಯ್ಯ ತನ್ನ ಎದೆ ತಟ್ಟಿಕೊಂಡಿದ್ದ. ಬಿಳಿಯ ಗಟ್ಟಿಯಾಗಿ ನಕ್ಕು ಅವನ ಕೈ ಹಿಡಿದು ಕುಲುಕಿದ್ದ. ಬಿಳಿಯನ ಬಾಯಲ್ಲಿ ಕನ್ನಡವೆಲ್ಲಿಂದ ಬರಬೇಕು ಎಂಬ ಯೋಚನೆ ಬರಲಿಲ್ಲವೆಂದಲ್ಲ. ದೊರೆ ಬಿಳಿಯನಾದರೇನು, ಒಳಗಿರುವವರು ನಮ್ಮವರೇ ಇದ್ದಾರು ಎಂದುಕೊಂಡ. ಬೆಳಗಾದರೆ ದಂಡು ಕಾಲುವೆಯ ಕಡೆ ಹೊರಡುವುದಿತ್ತು. ಕುದುರೆಗಳಿಗೆ ನೀರು ಕುಡಿಸುವುದಿತ್ತು. ನಂಬುವುದು ಬೇಕಾಗಿತ್ತು, ನಂಬಿದ.

ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ಚನ್ನಬಸವಯ್ಯ ಆಗಲೇ ಬಂದು ಕಲ್ಲುಬೆಂಚಿನ ಮೇಲೆ ಕೂತಿದ್ದ. ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವನು. ಅಕ್ಕನನ್ನು ಹುಬ್ಬಳ್ಳಿಗೆ ಕೊಟ್ಟಿತ್ತು. ಅವಳ ಮಗಳ ಮದುವೆಗೆ ಹೊರಟಿದ್ದವನು, ಕೃಷ್ಣಮ್ಮ ಕೇಳಿಕೊಂಡಾಗ, ಬಾರಮ್ಮ, ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು ಹುಡುಕುವೆಯಂತೆ ಎಂದು ಒಪ್ಪಿಕೊಂಡಿದ್ದ. ಅವಳ ಟಿಕೀಟನ್ನೂ ತೆಗೆದಿಟ್ಟುಕೊಂಡಿದ್ದ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಬಂದೆಯಾ ಕೃಷ್ಣಮ್ಮ. ಮೈಸೂರಿಂದ ಬೆಂಗಳೂರಿಗೆ ಹೋಗೋ ಗಾಡಿ ಈಗ ಬರ್ತದೆ. ಕ್ರಾಸಿಂಗ್ ಇದೆಯಂತೆ, ಆ ಕಡೆ ಗಾಡಿ ಬರೋವರೆಗೂ ಇಲ್ಲೇ ನಿಲ್ತದೆ. ಅವಸರ ಇಲ್ಲ." ಕಾಳಯ್ಯನ ಕಡೆ ತಿರುಗಿದ. "ಅಲ್ಲಯ್ಯ, ನಿನ್ನೆಯಿಂದ ಯೋಚನೆ ಮಾಡ್ತಾ ಇದೀನಿ. ಮಕ್ಕಯ್ಯ ಅಂದ್ಯಲ್ಲ, ಎಂಥಾ ಹೆಸರಯ್ಯ ಅದು? ನಮ್ಮವನೋ, ನಿಮ್ಮವನೋ? ಹುಬ್ಬಳ್ಳಿ ಕಡೆ ಅಪ್ಪ ಅಂತ ಇಟ್ಕೊತಾರೆ. ಮಲ್ಲಪ್ಪ, ಬಸಪ್ಪ. ಅಯ್ಯ ಅಂದ್ರೆ ಸ್ವಾಮಿಗಳ ಪೈಕಿ ಇರಬೇಕು."

"ಗೊತ್ತಿಲ್ಲ ಸ್ವಾಮಿ."

"ಕೊರಳಲ್ಲಿ ಲಿಂಗ ಇತ್ತಾ?"

"ನೋಡ್ನಿಲ್ಲ."

"ಹೆಸರು ಗೊತ್ತು, ಊರು ಗೊತ್ತು, ಜಾತಿ ಗೊತ್ತಿಲ್ಲ! ಅದೆಂಥಾ ಸ್ನೇಹನಯ್ಯ ನಿಂದು?" ಎಂದು ಚನ್ನಬಸವಯ್ಯ ಹೊಟ್ಟೆ ಕುಣಿಸಿ ನಕ್ಕ.

"ಯಾವ ಜಾತಿಯಾದ್ರೇನು ಸ್ವಾಮಿ," ಎಂದಳು ಕೃಷ್ಣಮ್ಮ. "ನನ್ನ ಮಗನ ಹೇಲು ಬಳದವ್ನೆ. ಅದಕ್ಕಿಂತ ದೊಡ್ಡ ಜಾತಿ ನಂಗೆ ಬ್ಯಾಡ."

ಕಾಳಯ್ಯ ಕೂತವನು ಎದ್ದ. ಪ್ಲಾಟ್‌ಫಾರಂನ ಆ ತುದಿಯವರೆಗೆ ಹೋಗಿ ಹಳಿಗಳನ್ನು ನೋಡಿ ವಾಪಸು ಬಂದ. ಮತ್ತೆ ಹೋದ. ಹುಬ್ಬಳ್ಳಿಯಲ್ಲಿ ಒಂದು ವಾರ ಅಲೆದು, ಸಿಗದೆ, ಎಲ್ಲೋ ಗುಳೆ ಹೋಗಿರಬೇಕು ಎಂದುಕೊಂಡು ಬರುತ್ತಾಳೆ. ಬರಲಿ. ಏನಾಗುತ್ತದೆ? ಏನೂ ಆಗುವುದಿಲ್ಲ. ಹೀಗೆ ಅಂದುಕೊಂಡಾಗ ಎದೆ ಹಗುರಾಗಬೇಕಿತ್ತು. ಆಗಲಿಲ್ಲ.

"ಅರೇ, ಕಾಳಯ್ಯ! ಯಾರನ್ನ ಕಳಿಸೋಕೆ ಬಂದೆಯೋ?"

ಮಕ್ಬೂಲ್. ಅದೇ ದಂಡಿನಲ್ಲಿ ಸವಾರನಾಗಿದ್ದವನು. ಈಗ ಅರಗು ಬಣ್ಣದ ಬೊಂಬೆ, ಗಿಲಕಿ, ಬುಗುರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ರೈಲಿನ ಜನಕ್ಕೆ ಮಾರುತ್ತಿದ್ದ. ಕಾಳಯ್ಯನಿಗೆ ಓಡಿಹೋಗುವ ಮನಸ್ಸಾಯಿತು. ಅಷ್ಟರಲ್ಲಿ ಕೃಷ್ಣಮ್ಮ ಎದ್ದು ಬಂದಿದ್ದಳು.

"ಇವರೂ ದಂಡಿಗೋಗಿದ್ರಾ?"

"ಹೋಗಿದ್ದೆ ಅಮ್ಮಾ. ಇವನು ನೀರು ಕುಡಿಸಿದ ಕುದುರೆ ಹತ್ತಿದೋನು ನಾನು. ಹತ್ತೋಕೆ ಮುಂಚೆ ಒದೆ ತಿಂದೋನು ಇವನು."

"ನಾನು ಬಸವಯ್ಯನ ತಾಯಿ ಕಣಪ್ಪ."

ಮಕ್ಬೂಲನ ನಗು ನಿಂತಿತು. ಬುಟ್ಟಿಯನ್ನು ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡ.

"ಅಂಗಾರೆ ನಿಂಗೆ ಗೊತ್ತಿರಬೇಕು," ಎಂದಳು ಅವಳು. "ಆಸ್ಪತ್ರೇಲಿ ಅವನ್ನ ನೋಡ್ಕಂಡ ಮಕ್ಕಯ್ಯ ಅನ್ನೋರು. ಹುಬ್ಬಳ್ಳಿಯೋರು. ಅವರ ಮನೆ ಹುಡಿಕ್ಕಂಡು ವೊಂಟಿವ್ನಿ."

ಮಕ್ಬೂಲ್ ಕಾಳಯ್ಯನ ಮುಖ ನೋಡಿದ. ಕಾಳಯ್ಯ ತನ್ನ ಕಾಲ ಬೆರಳು ನೋಡಿಕೊಂಡ.

"ಹಾಂ, ಮಕ್ಕಯ್ಯ," ಎಂದ ಮಕ್ಬೂಲ್. "ಗೊತ್ತಿಲ್ದೆ ಏನಮ್ಮಾ. ಬಹಳ ಒಳ್ಳೆ ಮನುಷ್ಯ. ದುರ್ಗದ ಬೈಲು ಅಂತಾರಲ್ಲ ಹುಬ್ಬಳ್ಳೀಲಿ, ಅಲ್ಲೇ ಹತ್ರ ಮನೆ ಅಂತಿದ್ದ. ಬಾಗಿಲ ಮುಂದೆ ಬೇವಿನ ಮರ ಇದೆಯಂತೆ."

"ಕೇಳುದ್ಯಾ ಕಾಳಾ! ಬೇವಿನ ಮರ!" ಕೃಷ್ಣಮ್ಮ ಚನ್ನಬಸವಯ್ಯನ ಕಡೆ ಓಡಿದಳು. "ಸ್ವಾಮಿ, ಮನೆ ಗುರುತು ಸಿಕ್ತು!"

ಅವಳು ಅತ್ತ ಹೋದ ಮೇಲೆ ಮಕ್ಬೂಲ್ ಬುಟ್ಟಿ ಎತ್ತಿಕೊಂಡು ತಗ್ಗಿದ ದನಿಯಲ್ಲಿ, "ತಾಯಿ ಕಣಯ್ಯ. ಹೋಗ್ಲಿ ಬಿಡು, ಏನು ನಷ್ಟ" ಎಂದ. ರೈಲಿನ ಸದ್ದು ಕೇಳಿ ಬೊಂಬೆ ಕೂಗುತ್ತಾ ಮುಂದೆ ಹೋದ.

ಏನು ನಷ್ಟ! ಕಾಳಯ್ಯನಿಗೆ ಮೈ ಉರಿಯಿತು. ಈವರೆಗೆ ಅದು ಅವನೊಬ್ಬನ ಮಾತಾಗಿತ್ತು. ಈಗ ಅದಕ್ಕೊಂದು ಮನೆ ಕಟ್ಟಿಯಾಯಿತು, ಬಾಗಿಲಲ್ಲಿ ಮರ ನೆಟ್ಟಾಯಿತು. ಬೇವಿನ ಮರವಿಲ್ಲದ ಬೀದಿ ಯಾವ ಊರಿನಲ್ಲಿದೆ? ಪ್ರತಿ ಬೇವಿನ ಮರದ ಕೆಳಗೂ ನಿಂತು, ಪ್ರತಿ ಬಾಗಿಲನ್ನೂ ತಟ್ಟಿ, ಈ ಮುದುಕಿ ಕೇಳುತ್ತಾಳೆ. ಒಂದು ವಾರವಲ್ಲ. ಅವಳು ಬಿಡುವ ಪೈಕಿಯಲ್ಲ. ಸಿಗುವವರೆಗೂ ಅಲ್ಲೇ ಉಳಿದುಬಿಡುತ್ತಾಳೆ.

ಗಾಡಿ ಬಂದು ನಿಂತಿತು. ಚನ್ನಬಸವಯ್ಯ ಗಂಟನ್ನು ಒಳಗೆ ಹಾಕಿ, ತಾನೂ ಹತ್ತಿ, ಕಿಟಕಿಯ ಹತ್ತಿರ ಜಾಗ ಹಿಡಿದ. ಕೃಷ್ಣಮ್ಮ ಮೆಟ್ಟಿಲ ಕಂಬಿ ಹಿಡಿದಳು.

"ದೊಡ್ಡವ್ವಾ, ಹತ್ತಬ್ಯಾಡ."

"ಯಾಕ್ಲಾ?"

"ಹುಬ್ಬಳ್ಳೀಲಿ ಮಕ್ಕಯ್ಯ ಇಲ್ಲ."

"ಅಲ್ಲಿಲ್ದಿದ್ರೆ ಎಲ್ಲವ್ನೆ? ಊರು ಬುಟ್ಟೋದ್ನಾ?"

"ಅವನು ನಮ್ಮೋನೇ ಅಲ್ಲ." ಮಾತು ಬುಡುಬುಡನೆ ಉರುಳಿತು. "ಬಿಳೀ ಸೋಲ್ಜರು. ಮಕೇ ಅಂತ ಅವನೆಸ್ರು. ಕನ್ನಡದೋನಲ್ಲ ದೊಡ್ಡವ್ವಾ, ಕನಡ ಅಂತ ಬ್ಯಾರೆ ದೇಶ. ಸಮುದ್ರದಾಚೆಗೆ, ಅದರಾಚೆ ಇನ್ನೊಂದು ಸಮುದ್ರ. ನಂಗೆ ಅಂಗೆ ಕೇಳಿಸ್ಬುಡ್ತು. ಆಮೇಕೆ ಗೊತ್ತಾಯ್ತು. ಗೊತ್ತಾದ ಮ್ಯಾಕೂ ನಿಂಗೆ ಯೋಳ್ನಿಲ್ಲ."

ಅವಳ ಕೈ ಕಂಬಿಯ ಮೇಲೇ ಇತ್ತು. "ಆ ಬೊಂಬೆ ಮಾರೋ ಅಣ್ಣ ಯೋಳುದ್ನಲ್ಲಾ, ಬೇವಿನ ಮರ ಅಂತ?"

"ನನ್ನ ಮಕ ನೋಡಿ ಯೋಳ್ದ."

ಕೃಷ್ಣಮ್ಮ ಕಂಬಿ ಬಿಟ್ಟಳು. ಹಿಂದೆ ಹಿಂದೆ ನಡೆದು ಕಲ್ಲುಬೆಂಚಿನ ಮೇಲೆ ಕೂತಳು. ಕಿಟಕಿಯಿಂದ ಚನ್ನಬಸವಯ್ಯ, "ಏನಮ್ಮಾ, ಏನು ಮರೆತೆ?" ಎಂದ.

"ಅಂಗಾರೆ ನನ್ನ ಮಗನ ಮಾತು ಅಲ್ಲಿ ಯಾರ್ಗೂ ತಿಳೀತಿರ್ನಿಲ್ವಾ?"

"ಇಲ್ಲ."

"ನಿಂಗೆ ತಿಳೀತಿತ್ತಲ್ಲ. ನೀನೆಲ್ಲಿದ್ದೆ?"

ಎರಡು ವರ್ಷದಿಂದ ಕಾಳಯ್ಯ ಹೆದರಿದ್ದು ಈ ಪ್ರಶ್ನೆಗೆ.

"ದಂಡು ವೊಂಟಿತ್ತು. ಬುಟ್ಟು ಬಂದೆ."

"ಬತ್ತೀನಿ ನಾನೂ ಅನ್ನಲಿಲ್ವಾ ಅವನು?"

"ಕೈ ಹಿಡ್ಕಂಡಿದ್ದ. ಬುಡಿಸ್ಕಂಡೆ. ಕನ್ನಡದೋರವ್ರೆ ಕಣ್ಲಾ, ಏನೂ ಹೆದರ್ಕಬ್ಯಾಡ ಅಂದೆ. ಅದನ್ನ ನಂಬಿ ಬುಟ್ಟ."

"ಕೂಗುದ್ನಾ?"

"ಕೂಗ್ದ."

"ಎಷ್ಟು ಸಲ?"

"ಮೂರು ಸಲ ಕೇಳುಸ್ತು. ಆಮೇಕೆ ದೂರ ಬಂದ್ಬುಟ್ಟಿದ್ದೆ."

ಅವಳು ಹೊಡೆಯಬಹುದು ಎಂದುಕೊಂಡು ಅವನು ಹತ್ತಿರ ಸರಿದು ನಿಂತ. ಅವಳು ಹೊಡೆಯಲಿಲ್ಲ. ಎದುರಿನ ಗಾಡಿಯ ಚಕ್ರಗಳನ್ನು ನೋಡುತ್ತಿದ್ದಳು. ಎಂಜಿನ್ನು ಹಬೆ ಬಿಡುತ್ತಿತ್ತು. ಕಾಳಯ್ಯ ನಿಲ್ಲಲೂ ಆಗದೆ ಕೂರಲೂ ಆಗದೆ, ಕುಕ್ಕರುಗಾಲಲ್ಲಿ ಕೂತ.

"ಹನ್ನೊಂದು ದಿನಕ್ಕೆ ತಿರುಗಾ ಬಂದೆ ದೊಡ್ಡವ್ವಾ, ರಜ ಕೇಳ್ಕಂಡು. ಆಗಲೇ ಮಣ್ಣು ಮಾಡಿದ್ರು. ಆ ಮಕೇ ನನ್ನ ಗುರುತು ಹಿಡ್ದ. ರಟ್ಟೆ ಹಿಡ್ಕಂಡು ಮರಳಲ್ಲಿ ಕರ್ಕಂಡೋಗಿ ಗುಡ್ಡೆ ತೋರುಸ್ದ, ಟೋಪಿ ತೆಗ್ದ. ಅವನೂ ಸೊರಗೋಗಿದ್ದ. ದಿನಾ ಹಡಗು ಬರೋದು, ಗಾಯ ಆದೋರ್ನ ತುಂಬ್ಕಂಡು. ಅವರ್ನೆಲ್ಲ ಹೊತ್ತು ಹೊತ್ತು ಅವನ ಹೆಗಲು ಕಿತ್ತೋಗಿತ್ತು. ಮರಳಲ್ಲಿ ಒಂದು ಮನೆ ಬರದು ತೋರುಸ್ದ, ಅವನ ಊರ ಮನೆ ಇರಬೇಕು. ಅದರ ಮ್ಯಾಲೆ ಬೊಗಸೇಲಿ ಮರಳು ಸುರುದ, ಸುರುದ, ಸೂರು ಮುಚ್ಚೋಗಂಟ. ಅಲ್ಲಿ ಅಷ್ಟು ಮಂಜು ಬೀಳ್ತದಂತೆ. ನಾನು ಅಳ್ತಿದ್ದೆ. ನನ್ನ ಸುಮ್ನಿರುಸಕೆ ಅಂಗೆಲ್ಲಾ ಮಾಡ್ತಿದ್ದ."

"ಆಮೇಕೆ?"

ಇದನ್ನು ಕಾಳಯ್ಯ ದಾಸಮ್ಮನಿಗೂ ಹೇಳಿರಲಿಲ್ಲ.

"ಆಮೇಕೆ, ನಿಮ್ಮ ಮಾತು ನಂಗೂ ಬತ್ತದೆ ಅನ್ನೋ ಅಂಗೆ ಎದೆ ತಟ್ಕಂಡು, ಕನ್ನಡದಲ್ಲಿ ಅಂದ. ಒಸಿ ತಡಿ, ಬತ್ತೀನಿ ಅಂತ."

ಕೃಷ್ಣಮ್ಮ ಅವನ ಕಡೆ ತಿರುಗಿದಳು.

"ನಾನು ಕೈ ಬುಡಿಸ್ಕಂಡಾಗ ಬಸವಂಗೆ ಯೋಳಿದ್ದ ಮಾತು ಕಣವ್ವಾ ಅದು. ಒಸಿ ತಡಿ, ಬತ್ತೀನಿ. ಅವನು ಪಕ್ಕದಲ್ಲೇ ನಿಂತು ಕೇಳುಸ್ಕಂಡವ್ನೆ. ಕಲ್ತುಬುಟ್ಟವ್ನೆ. ಬಸವ ಕೂಗ್ದಾಗೆಲ್ಲ ಅವನ ತಾವ ಕುಂತ್ಕಂಡು ಇದ್ನೇ ಯೋಳ್ತಿದ್ನಂತೆ. ಕೈಸನ್ನೇಲಿ ತೋರುಸ್ದ. ಬಸವ ಅಳ್ತಾನೆ, ಇವನು ಯೋಳ್ತಾನೆ, ಬಸವ ಸುಮ್ಕಾಯ್ತಾನೆ. ಅದರ ಅರ್ತ ಏನೂಂತ ಅವನಿಗೆ ಗೊತ್ತಿರ್ನಿಲ್ಲ."

ಬೆಂಗಳೂರು ಕಡೆಯಿಂದ ಬರಬೇಕಾಗಿದ್ದ ಗಾಡಿ ಬಂತು. ಗಂಟೆ ಹೊಡೆಯಿತು. "ಅಮ್ಮಾ, ಹತ್ತೋದಿಲ್ವಾ?" ಎಂದು ಚನ್ನಬಸವಯ್ಯ ಕೂಗಿದ. ಕೃಷ್ಣಮ್ಮ ಅಲ್ಲಾಡಲಿಲ್ಲ. ಅವನಿಗೆ ಏನು ಅರ್ಥವಾಯಿತೋ, ಗಾಡಿ ಕದಲುತ್ತಿದ್ದಂತೆ ಗಂಟನ್ನು ಕಿಟಕಿಯಿಂದ ಕಾಳಯ್ಯನ ಕೈಗೆ ತುರುಕಿದ. "ಇದೇನಯ್ಯಾ ಇದು, ಇದೇನು" ಎಂಬ ಅವನ ಮಾತು ಚಕ್ರದ ಸದ್ದಿನಲ್ಲಿ ಮುಂದೆ ಹೋಯಿತು. ಆ ಗಾಡಿಯ ಬೆನ್ನಿಗೇ ಮೈಸೂರಿಗೆ ಹೋಗುವುದೂ ಹೊರಟಿತು. ಹೊಗೆ ಮಾವಿನ ಮರಗಳ ಮೇಲೆ ಸ್ವಲ್ಪ ಹೊತ್ತು ನಿಂತು ಚದುರಿತು.

"ಎಂಗಂದ?" ಎಂದಳು ಕೃಷ್ಣಮ್ಮ.

"ಯಾರು?"

"ಅವನು. ಆ ಮಕ್ಕಯ್ಯ. ಎಂಗಂದ ಅಂತ ಅನ್ನು."

"ಒಸಿ ತಡಿ, ಬತ್ತೀನಿ."

"ಅದು ನೀನಂದಂಗಾಯ್ತು. ನಿಂದು ನಂಗೆ ಬ್ಯಾಡ. ಅವನಂದಂಗೆ ಅನ್ನು. ನನ್ನ ಮಗ ಕೇಳಿದ್ದು ಅದನ್ನ."

ಕಾಳಯ್ಯ ಸುತ್ತ ನೋಡಿದ. ಹಸಿರು ಬಾವುಟ ಸುತ್ತುತ್ತಿದ್ದ ಪೋರ್ಟರು ಇವರನ್ನೇ ನೋಡುತ್ತಿದ್ದ. ಮಕ್ಬೂಲ್ ಅಲ್ಲಿ ದೂರದಲ್ಲಿ ಬುಟ್ಟಿ ಹೊತ್ತು ನಿಂತುಬಿಟ್ಟಿದ್ದ. ಕಾಳಯ್ಯ ನಾಲಗೆಯನ್ನು ಅಂಗುಳಕ್ಕೆ ಮಡಚಿ, ತುಟಿ ಬಿಗಿದು, ಆ ಕೆಂಚುಗೂದಲಿನವನ ಬಾಯಿ ಹೇಗೆ ತೆರೆದಿತ್ತೆಂದು ನೆನೆದುಕೊಂಡು ಹೇಳಿದ.

"ಓಸೀ ಟಡೀ. ಬಟೀನೀ."

ಕೃಷ್ಣಮ್ಮ ಕಣ್ಣು ಮುಚ್ಚಿದಳು.

"ಇನ್ನೊಂದು ಸಲ."

"ಓಸೀ ಟಡೀ. ಬಟೀನೀ."

"ಮೆತ್ತಗನ್ಲಾ. ಕಾಯಿಲೆಯೋನ್ಗೆ ಯಾರು ಅಂಗೆ ಕೂಗ್ತಾರೆ."

ಅವನು ಮೆತ್ತಗೆ ಅಂದ. ಮತ್ತೆ ಅಂದ. ಬಿಸಿಲು ಹಳಿಗಳ ಮೇಲೆ ಏರಿತ್ತು. ಅವಳ ಬಲಗೈ ಕಲ್ಲುಬೆಂಚಿನ ಮೇಲೆ, ಪಕ್ಕದ ಖಾಲಿ ಜಾಗದಲ್ಲಿ, ಅಂಗೈ ಅಗಲಿಸಿ ನಿಧಾನವಾಗಿ ತಟ್ಟುತ್ತಿತ್ತು.